ಅರ್ಧ ಪ್ಲೇಟ

ದಿನಾ ಮುನ್ನೂರು ರೊಟ್ಟಿ ಬಡೀತೇನಿ.
ಕೈ ನೋಡಿ ಭವಿಷ್ಯಾ ಹೇಳಾಂವ ಒಬ್ಬ ಬಂದಿದ್ದ,
"ಗೆರಿನ ಉಳದಿಲ್ಲಲ್ಲ ತಂಗಿ" ಅಂತ ಕೈ ಬಿಟ್ಟು ಎದ್ದ.
ರೊಕ್ಕಾನೂ ಕೇಳಲಿಲ್ಲ.

ಸೋಮವಾರ, ಗುರುವಾರ, ಸಂಜಿ ಏಳರ ಸುಮಾರು
ಒಲಿ ಆರಿಸಿ, ಮಾರಿಗೆ ನೀರ ಚಿಮುಕಿಸಿ
ಚೀಲಾ ಹಿಡಕೊಂಡು
ಕಾಯಿಪಲ್ಲೆಕ್ಕ ಹೋಗಾಕಿಯಂಗ ಹೊರಡತೇನಿ.
ನವನಗರದಾಗ ಎಲ್ಲಾದಕ್ಕೂ ನಂಬರ ಅದಾವ:
ಸೆಕ್ಟರಿಗೆ, ಮನಿಗೆ, ಲೈಟಿನ ಕಂಬಕ್ಕ.
ನಂಬರಿಲ್ಲದ್ದು ಲಾಡ್ಲೇಸಾಬನ ಗಾಡಿ ಒಂದ.
ಹಿಂಗಾಗಿ ಬೀಗರಿಗೆ ದಾರಿ ಹೇಳೂದೂ ಅದರ ಮ್ಯಾಲ:
"ಕೆಂಪು ಗಾಡಿ ದಾಟಿ ಎಡಕ್ಕ ಬರ್ರಿ."

ಗಾಡಿ ಹಣಿ ಮ್ಯಾಲ ಡ್ರಾಗನ್ ಬರಸ್ಯಾನ.
ಬರದಾಂವ ಇಳಕಲ್ಲಿನ ಪೇಂಟರ್, ಡ್ರಾಗನ್ ಕಂಡಾಂವಲ್ಲ;
ಉಡಕ್ಕ ಮೀಸಿ ಬಂದಾವ.
ಬೆಂಕಿ ಮಾತ್ರ ಖರೇ.
ಗ್ಯಾಸಿನ ಒಲಿ ಭರ್ರ ಅಂದರ
ಕ್ಯಾಬೀಜು, ಉಳ್ಳಾಗಡ್ಡಿ ತಪ್ಪಲಾ, ಡೊಣಮೆಣಸಿನಕಾಯಿ
ಕಡಾಯಿಯಿಂದ ಹಾರಿ
ಒಂದ ಗಳಿಗಿ ಗಾಳ್ಯಾಗ ನಿಂತು ವಿಚಾರ ಮಾಡಿ
ತಿರುಗಿ ಅಲ್ಲೇ ಬೀಳತಾವ. ಒಂದೂ ಚೆಲ್ಲಂಗಿಲ್ಲ.
ಪಳಗಿದ ಕೈ ಯಾವುದು, ನನಗ ಯಾರೂ ಹೇಳಬೇಕಾಗಿಲ್ಲ.

"ನಿಂಬೆಕ್ಕಾ, ತತ್ತಿ ಒಡೀಲೇನ?"
ಪ್ರತಿಸಲ ಕೇಳತಾನ, ಕೇಳಿ ನಗತಾನ.
"ಇವತ್ತ ಸೋಮವಾರೋ."
ಗುರುವಾರ ಕೇಳಿದರ ಗುರುವಾರೋ ಅಂತೇನಿ.

ಅರ್ಧ ಪ್ಲೇಟಿಗೆ ಮೂವತ್ತು.
ನನ್ನ ಲೆಕ್ಕದಾಗ ಹತ್ತು ರೊಟ್ಟಿ.
ಶ್ಯಾವಿಗಿ ಅಲ್ಲ ಇದು, ಶ್ಯಾವಿಗಿಯ ಉಡಾಳ ತಮ್ಮ,
ಮನಿ ಬಿಟ್ಟು ಓಡಿಹೋಗಿ ಸೋಯಾ ಸಾಸಿನ್ಯಾಗ ಬಿದ್ದಾಂವ.
ಅವ್ವ ಮಾಳಿಗಿ ಮ್ಯಾಲ ಹೊರಸ ಹಾಕಿ ಶ್ಯಾವಿಗಿ ಒಣಗಸತಿದ್ದಳು,
ಕೋಲ ಹಿಡಕೊಂಡು ಕಾಗಿ ಕಾಯೂ ಕೆಲಸ ನಂದು.
ಆ ಮಾಳಿಗಿ ಈಗ ಹಿನ್ನೀರಿನ ಕೆಳಗೈತಿ.
ಮೀನ ಕಾಯತಿರಬೇಕು.

ಚಮಚಾದಾಗ ನಿಂದರಂಗಿಲ್ಲ, ಜಾರತೈತಿ.
ಕಂಬದ ಆಚಿ ಕಡೆ, ಬೆಳಕ ಬೀಳದಲ್ಲೆ ನಿಂತು
ಕೈಲೇ ತಿಂತೇನಿ.
ಬಿಸಿದು. ಬ್ಯಾರೇದವರು ಮಾಡಿದ್ದು.
ನನ್ನ ಕೈ ತಾಗದ್ದು.

ಹೋದ ಸೋಮವಾರ ಆ ಕತ್ತಲಿನ್ಯಾಗ
ಆಗಲೇ ಯಾರೋ ಇದ್ದರು.
ಬೆನ್ನ ಮಾಡಿ, ಅವಸರಲೆ, ಉಸಿರ ಬಿಡದ ತಿನ್ನಾಕಹತ್ತಿದ್ದರು.
ಗುರ್ತಿನ ಬೆನ್ನು.
ಹನ್ನೆರಡು ವರ್ಷ ಆ ಬೆನ್ನಿನ ಹಿಂದ ರೊಟ್ಟಿ ಬುಟ್ಟಿ ಇಳಿಸೇನಿ,
ಮರೀಲಿ ಹ್ಯಾಂಗ?
ಚನ್ನಮಲ್ಲಪ್ಪ ಸಾವ್ಕಾರ್ರು.
ಖಾನಾವಳಿ ಬೋರ್ಡಿನ ಮ್ಯಾಲ
"ಶುದ್ಧ ಶಾಕಾಹಾರಿ, ಅವ್ವನ ಕೈರುಚಿ" ಅಂತ ಬರಸಿದವರು.
"ಗಾಡ್ಯಾಗಿಂದು ತಿಂದ ಮಂದಿ ಕೆಟ್ರು ನೋಡ್ರಿ" ಅಂತ
ಗಲ್ಲಾದಾಗ ಕುಂತು ಬಂದ ಗಿರಾಕಿಗೆಲ್ಲಾ ಹೇಳವರು.

ತಿರುಗಿದರು.
ಮೀಸಿ ತುದಿಗೆ ಒಂದೆಳಿ ಜೋತಾಡತಿತ್ತು,
ಗಾಡಿ ಮ್ಯಾಲಿನ ಉಡದಂಗ.
ಪ್ಲೇಟಿನ್ಯಾಗ ಹಳದಿ ಚೂರು. ತತ್ತಿ.
ಸೋಮವಾರ.
ಅವರು ನನ್ನ ಪ್ಲೇಟ ನೋಡಿದರು, ನಾ ಅವರದು.
ಇಬ್ಬರದೂ ಬಾಯಿ ತುಂಬಿತ್ತು, ಚಲೋನ ಆತು.

ಕಡೀಕ ನುಂಗಿ ಅಂದರು,
"ಹನ್ನೆರಡು ವರ್ಷಾತು ಯವ್ವಾ, ಎರಡೂ ಹೊತ್ತು ನಿನ್ನ ರೊಟ್ಟೀನ..."
ಮುಂದ ಹ್ಯಾಂಗ ಅನ್ನೂದು ಗೊತ್ತಾಗದ ನಿಂತರು.
"ನಾನೂ ಅದನ್ನ ತಿನ್ನೂದ್ರಿ" ಅಂದೆ.

ಸರದು ಜಾಗಾ ಕೊಟ್ಟರು.
ಎದುರಿನ ಮನ್ಯಾಗ ಕುಕ್ಕರ್ ಮೂರು ಸಲ ಕೂಗಿತು.
ಲಾಡ್ಲೇಸಾಬ ನಮ್ಮ ಕಡೆ ನೋಡದ
ಒಂದೊಂದ ಹಸಿಮೆಣಸಿನಕಾಯಿ ಇಬ್ಬರಿಗೂ ಇಟ್ಟು ಹೋದ.

ಮರುದಿನ ಮುಂಜಾನೆ ಬುಟ್ಟಿ ಇಳಿಸಿದೆ.
ಸಾವ್ಕಾರ್ರು ಎಣಿಸಿದರು, ಮುನ್ನೂರು ಬರಕೊಂಡರು,
ಒಂದು ರೊಟ್ಟಿ ಅಂಚು ಹರದೈತಿ ಅಂತ ಗುಣುಗುಟ್ಟಿದರು.
ನಾ ಹೊಸ್ತಿಲಾ ದಾಟೂ ಮುಂದ
ವಹಿಯಿಂದ ಕಣ್ಣೆತ್ತದ ಕೇಳಿದರು,

"ಗುರುವಾರ ಎಷ್ಟಕ್ಕ ತೆಗೀತಾನ, ಅಂವಾ?"